ಸ್ಕ್ರೂ ತಿರುಗುತ್ತಿಲ್ಲವೇ? ಮೊದಲು ಕೈಯಲ್ಲಿರುವ ಸ್ಕ್ರೂಡ್ರೈವರ್ ನೋಡಿ

ಜೋರು ಮಳೆಯ ಆಟಿ ತಿಂಗಳಲ್ಲಿ ಎರಡು ದಿನ ಮಳೆ ಬಿಟ್ಟರೆ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಎಲ್ಲರಿಗೂ ಒಂದೇ ಅವಸರ. ಅಡಿಕೆಗೆ ಮದ್ದು ಬಿಡಬೇಕು. ತಡವಾದರೆ ಕೊಳೆರೋಗ ಬಂದು ಎಳೆಕಾಯಿ ಎಲ್ಲ ಮರದ ಬುಡದಲ್ಲಿ ಬಿದ್ದಿರುತ್ತದೆ. ಕಳೆದ ವರ್ಷ ಅಂಥದ್ದೇ ಒಂದು ಬೆಳಿಗ್ಗೆ. ಮರ ಹತ್ತುವವರು ಬಂದಾಗಿತ್ತು. ಡ್ರಮ್ಮಿನಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ತಯಾರಿತ್ತು. ಅದು ನಾಳೆಗೆ ಇಟ್ಟುಕೊಳ್ಳುವ ವಸ್ತು ಅಲ್ಲ, ಅಂದಿನದ್ದು ಅಂದೇ ಮುಗಿಯಬೇಕು. ಅಷ್ಟರಲ್ಲಿ ಪಂಪಿನ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕಾರ್ಬುರೇಟರಿಗೆ ನೀರು ಸೇರಿದೆ ಅಂತ ಶಬ್ದ ಕೇಳಿದಾಗಲೇ ಅನ್ನಿಸಿತು. ಕೆಳಗಿನ ಬೌಲ್ ಬಿಚ್ಚಿ ಒರೆಸಿದರೆ ಹತ್ತು ನಿಮಿಷದ ಕೆಲಸ.

ಅಳಿಯ ಸ್ಕ್ರೂಡ್ರೈವರ್ ಹಿಡಿದು ಕೂತ. ಐದು ನಿಮಿಷ ಬಿಟ್ಟು ಕರೆದ.

"ಮಾವ, ಈ ಸ್ಕ್ರೂ ತಿರುಗುವುದಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿದೆ."

"ಸ್ಕ್ರೂ ಬಿಡು. ಕೈಯಲ್ಲಿರುವುದನ್ನು ಕೊಡು ನೋಡುವ."

ಸ್ಕ್ರೂಡ್ರೈವರಿನ ತುದಿ ತಾಮ್ರದ ಹಾಗೆ ಕೆಂಪಗಿತ್ತು. ಕೇಳಿದರೆ, ದ್ರಾವಣಕ್ಕೆ ಸುಣ್ಣ ಸಾಕಾ ಅಂತ ನೋಡಲು ಚೂರಿ ಸಿಗಲಿಲ್ಲವಂತೆ, ಸ್ಕ್ರೂಡ್ರೈವರನ್ನೇ ಅದ್ದಿದನಂತೆ! ತೋಟದವರಿಗೆ ಈ ಪರೀಕ್ಷೆ ಗೊತ್ತು. ಹೊಳೆಯುವ ಕಬ್ಬಿಣ ಅದ್ದಿದಾಗ ಕೆಂಪು ಬಂದರೆ ಮೈಲುತುತ್ತು ಜಾಸ್ತಿ, ಸುಣ್ಣ ಕಡಿಮೆ. ಅವನು ಆಮೇಲೆ ಸುಣ್ಣ ಸೇರಿಸಿದ್ದ, ದ್ರಾವಣ ಸರಿಯಾಗಿತ್ತು. ಆದರೆ ಆ ಕೆಂಪು ಬಣ್ಣ ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಕ್ರೋಮ್ ಲೇಪ ಗಟ್ಟಿಯಾಗಿರುವ ಕಡೆ ತಾಮ್ರ ಕೂರುವುದಿಲ್ಲ. ಇಲ್ಲಿ ನಾಲ್ಕು ರೆಕ್ಕೆಯ ಅಂಚಿನಲ್ಲೂ ತಾಮ್ರ ಕೂತಿತ್ತು. ಅಂದರೆ ಲೇಪ ಸವೆದು ಒಳಗಿನ ಉಕ್ಕು ಹೊರಗೆ ಬಂದಿದೆ. ಅಂಚು ದುಂಡಗಾಗಿದೆ. ಸ್ಕ್ರೂ ಕಚ್ಚಿಕೊಂಡಿರಲಿಲ್ಲ, ತಿರುಗಿಸುವುದಕ್ಕೆ ಹಿಡಿತವೇ ಸಿಕ್ಕಿರಲಿಲ್ಲ.

ಮೂವತ್ತು ವರ್ಷದಿಂದ ಮನೆಯ, ನೆರೆಕರೆಯ ಪಂಪು, ಮಿಕ್ಸಿ, ಸ್ಟಾರ್ಟರ್ ಬಿಚ್ಚುತ್ತಾ ಬಂದಿದ್ದೇನೆ. "ಸ್ಕ್ರೂ ಹಾಳಾಗಿದೆ" ಅಂತ ಬರುವ ದೂರಿನಲ್ಲಿ ಹೆಚ್ಚಿನವು ಹೀಗೆಯೇ. ಆದ್ದರಿಂದ ದೋಷ ಹುಡುಕುವಾಗ ನಾನು ಶುರು ಮಾಡುವುದು ಸ್ಕ್ರೂವಿನಿಂದ ಅಲ್ಲ.

ಕೈಗೆ ಏನು ಗೊತ್ತಾಯಿತು?

"ತಿರುಗುತ್ತಿಲ್ಲ" ಅನ್ನುವುದು ಜ್ವರ ಅಂದ ಹಾಗೆ, ಅದರಿಂದ ಕಾಯಿಲೆ ಗೊತ್ತಾಗುವುದಿಲ್ಲ. ಕೈಗೆ ಏನು ಅನ್ನಿಸಿತು ಅಂತ ಕೇಳಬೇಕು. ತುದಿ ಟಕ್ ಅಂತ ಮೇಲೆದ್ದು ಹೊರಗೆ ಬಂತಾ? ತುದಿ ಗಟ್ಟಿ ಕೂತಿದೆ, ಆದರೆ ಸ್ಕ್ರೂ ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲವಾ? ಅಥವಾ ಸ್ಕ್ರೂ ಸುಮ್ನೆ ಸುತ್ತುತ್ತಾ ಇದೆ, ಮೇಲೆ ಬರುವುದಿಲ್ಲವಾ? ಮೊದಲನೆಯದು ಸ್ಕ್ರೂಡ್ರೈವರಿನ ದೋಷ. ಎರಡನೆಯದು ತುಕ್ಕಿನದು. ಮೂರನೆಯದು ಥ್ರೆಡ್ಡಿನದು, ಅಂದರೆ ಸ್ಕ್ರೂ ಕಚ್ಚಿ ಹಿಡಿಯುವ ಸುರುಳಿ ಗೆರೆಯದು. ಇನ್ನೊಂದು ಅಪರೂಪದ್ದಿದೆ. ಹಿಡಿ ತಿರುಗುತ್ತದೆ, ಒಳಗಿನ ಸರಳು ತಿರುಗುವುದಿಲ್ಲ. ಅದಕ್ಕೆ ಮದ್ದಿಲ್ಲ, ಹೊಸತು ತನ್ನಿ.

ಯಾವುದು ಅಂತ ಗೊತ್ತಾಗುವ ಮೊದಲು ಜೋರು ಹಾಕಬೇಡಿ. ಒಂದು ಸಲ ಜಾರಿದರೆ ತಲೆಯ ಗುಳಿ ಸ್ವಲ್ಪ ಸವೆಯುತ್ತದೆ. ನಾಲ್ಕು ಸಲ ಜಾರಿದರೆ ಇರುವ ದೋಷದ ಜೊತೆಗೆ ತಲೆ ಬೋಳಾದ ದೋಷವೂ ಸೇರಿಕೊಳ್ಳುತ್ತದೆ.

ತುದಿ ಮೇಲೆದ್ದು ಜಾರುತ್ತಿದ್ದರೆ

ಹೆಸರಿನಿಂದಲೇ ಗಲಿಬಿಲಿ ಶುರುವಾಗುತ್ತದೆ. ನಮ್ಮಲ್ಲಿ ಮನೆಯಲ್ಲಿ ಕನ್ನಡ, ಕೆಲಸದವರ ಜೊತೆ ತುಳು, ಅಂಗಡಿಯಲ್ಲಿ ಮಲಯಾಳ. ಯಾವ ಭಾಷೆಯಲ್ಲಿ ಕೇಳಿದರೂ ಅಂಗಡಿಯವರು ಎರಡೇ ಜಾತಿ ಹೇಳುತ್ತಾರೆ, ಒಂದು ಚಪ್ಪಟೆ, ಇನ್ನೊಂದು ಸ್ಟಾರ್. ಈ 'ಸ್ಟಾರ್' ನಿಜವಾಗಿ ಫಿಲಿಪ್ಸ್, ನಾಲ್ಕು ರೆಕ್ಕೆಯ ಕೂಡು ಗುರುತು. ಆರು ಮೂಲೆಯ ನಿಜವಾದ ನಕ್ಷತ್ರ ಟಾರ್ಕ್ಸ್, ಅದು 1967ರಲ್ಲಿ ಬಂದದ್ದು. ಇವೆರಡೂ ಒಂದಕ್ಕೊಂದು ಆಗಿ ಬರುವುದಿಲ್ಲ.

ಫಿಲಿಪ್ಸ್ ಹೆಸರು ಅಮೆರಿಕದ ಹೆನ್ರಿ ಫಿಲಿಪ್ಸ್ ಅವರದ್ದು. 1936ರಲ್ಲಿ ಪೇಟೆಂಟ್ ಆಯಿತು. ಕಾರು ಕಾರ್ಖಾನೆಗಳು ಅದನ್ನು ಹಿಡಿದುಕೊಂಡವು, ಯಾಕೆಂದರೆ ಯಂತ್ರದಿಂದ ಬಿಗಿಯುವಾಗ ತುದಿ ತಾನಾಗಿ ನಡುವಿಗೆ ಬಂದು ಕೂರುತ್ತದೆ. ಆ ಅನುಕೂಲಕ್ಕೆ ಕೊಟ್ಟ ಬೆಲೆಯೇ ಜಾರುವಿಕೆ. ಗುಳಿಯ ಗೋಡೆ ನೇರ ಇಲ್ಲ, ಓರೆ ಇದೆ. ತಿರುಗಿಸುವ ಬಲದ ಒಂದು ಪಾಲು ತುದಿಯನ್ನು ಮೇಲಕ್ಕೆ ನೂಕುತ್ತದೆ. ಜಾರಲೆಂದೇ ಹಾಗೆ ಮಾಡಿದ್ದು ಅಂತ ಒಂದು ಕಥೆ ಇದೆ. ಅದೇನೇ ಇರಲಿ, ನಾವು ಮೇಲಿನಿಂದ ಒತ್ತಿ ಹಿಡಿಯಲೇಬೇಕು. ನಾನು ಹೇಳುವ ಲೆಕ್ಕ, ಕೈಯ ಬಲದಲ್ಲಿ ಮುಕ್ಕಾಲು ಪಾಲು ಒತ್ತಲು, ಕಾಲು ಪಾಲು ತಿರುಗಿಸಲು.

ಒತ್ತಿ ಹಿಡಿದರೂ ಜಾರುತ್ತಿದ್ದರೆ ಅಳತೆ ನೋಡಿ. ಸರಳಿನ ಮೇಲೆ ಪಿಎಚ್1, ಪಿಎಚ್2 ಅಂತ ಬರೆದಿರುತ್ತದೆ. 2.5 ಮತ್ತು 3 ಮಿ.ಮೀ. ದಪ್ಪದ ಸ್ಕ್ರೂಗೆ ಪಿಎಚ್1. 3.5ರಿಂದ 5 ಮಿ.ಮೀ.ವರೆಗೆ ಪಿಎಚ್2. 6 ಮಿ.ಮೀ.ಗೆ ಪಿಎಚ್3. ಮನೆಯ ಸ್ವಿಚ್ ಬೋರ್ಡು, ಬಾಗಿಲ ಬಿಜಾಗರಿ, ಹೆಚ್ಚಿನ ಯಂತ್ರಗಳ ಮುಚ್ಚಳ, ಎಲ್ಲ ಪಿಎಚ್2ರ ಕೆಲಸ. ಆದರೆ ಮನೆಗಳಲ್ಲಿ ಇರುವುದು ಪಿಎಚ್1 ಅಥವಾ ಬರಹವೇ ಇಲ್ಲದ ಒಂದು. ಸಣ್ಣದು ದೊಡ್ಡ ಗುಳಿಗೆ ಇಳಿಯುತ್ತದೆ, ಅದೇ ಮೋಸ. ಇಳಿದ ಮಾತ್ರಕ್ಕೆ ಕೂತಿತು ಅಂತ ಅಲ್ಲ.

ಕೂತಿದೆಯಾ ಅಂತ ನೋಡಲು ಒಂದು ಉಪಾಯ. ಒಂದು ಬಿಡಿ ಸ್ಕ್ರೂವನ್ನು ಬೆರಳಲ್ಲಿ ಹಿಡಿದು, ತಲೆ ಮೇಲೆ ಮಾಡಿ, ಅದರ ಮೇಲೆ ಸ್ಕ್ರೂಡ್ರೈವರನ್ನು ನೆಟ್ಟಗೆ ನಿಲ್ಲಿಸಿ ಪಕ್ಕಕ್ಕೆ ಅಲ್ಲಾಡಿಸಿ. ಎರಡೂ ಒಂದೇ ತುಂಡಿನ ಹಾಗೆ ಅಲ್ಲಾಡಿದರೆ ಸರಿ. ತುದಿ ಒಳಗೆ ಕಟಕಟ ಅಂದರೆ ಅಳತೆ ತಪ್ಪು ಅಥವಾ ತುದಿ ಸವೆದಿದೆ.

ಅಳತೆ ಸರಿ, ತುದಿ ಹೊಸತು, ಆದರೂ ಜಾರುತ್ತದೆಯಾ? ಆಗ ಸ್ಕ್ರೂವಿನ ತಲೆಯನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ. ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಕಂಡರೆ ಅದು ಜಪಾನಿನ ಮಾದರಿ, ಜೆಐಎಸ್. ನೋಡಲು ಫಿಲಿಪ್ಸ್ ಹಾಗೆಯೇ. ಆದರೆ ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೆಳಗೆ ಮುಟ್ಟುವುದಿಲ್ಲ, ಮೇಲೆಯೇ ತೇಲಿಕೊಂಡಿರುತ್ತದೆ. ಹಳೇ ಆರ್‌ಎಕ್ಸ್ 100 ಅಥವಾ ಸಿಡಿ 100 ಬೈಕಿನ ಎಂಜಿನ್ ಮುಚ್ಚಳ ಬಿಚ್ಚಿದವರಿಗೆ ಇದರ ಕಾಟ ಗೊತ್ತು, ಪಕ್ಕದ ಸ್ಕ್ರೂಗಳೆಲ್ಲ ಬೋಳಾಗಿರುತ್ತವೆ. ನಮ್ಮ ಪಂಪಿನ ಹಳೇ ಜಪಾನೀ ಎಂಜಿನಿನಲ್ಲೂ ಅದೇ ಚುಕ್ಕೆ ಇತ್ತು. ಜೆಐಎಸ್ ಸ್ಕ್ರೂಡ್ರೈವರ್ ಬೇರೆಯೇ ಸಿಗುತ್ತದೆ. ಸಿಗದಿದ್ದರೆ ಒಂದು ಹಳೇ ಪಿಎಚ್2ರ ಮೂತಿಯನ್ನು ಅರ್ಧ ಮಿ.ಮೀ.ನಷ್ಟು ಉಜ್ಜಿ ಮೊಂಡು ಮಾಡಿದರೆ ಇನ್ನೂ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ನಾನು ಅಂದು ಮಾಡಿದ್ದು ಇದನ್ನೇ.

ತಲೆಯಲ್ಲಿ ನಾಲ್ಕು ರೆಕ್ಕೆಯ ನಡುವೆ ಓರೆಯಾಗಿ ನಾಲ್ಕು ಸಣ್ಣ ಗೆರೆ ಇದ್ದರೆ ಅದು ಪೋಜಿಡ್ರೈವ್. ಅದಕ್ಕೆ ಪಿಜೆಡ್ ಅಂತ ಬರೆದ ತುದಿಯೇ ಬೇಕು. ನಮ್ಮ ಕಡೆ ಹೆಚ್ಚಾಗಿ ರೆಡಿಮೇಡ್ ಕಪಾಟಿನಲ್ಲಿ ಕಂಡಿದ್ದೇನೆ.

ಚಪ್ಪಟೆಯದ್ದರಲ್ಲಿ ನೋಡಬೇಕಾದ್ದು ಎರಡು, ಅಗಲ ಮತ್ತು ದಪ್ಪ. ಎಲ್ಲರೂ ಅಗಲ ನೋಡುತ್ತಾರೆ, ದಪ್ಪ ಮರೆಯುತ್ತಾರೆ. ತುದಿ ಗೀರಿನ ಎರಡೂ ಗೋಡೆಯನ್ನು ಮುಟ್ಟುವ ಹಾಗಿರಬೇಕು. ತೆಳ್ಳಗಿದ್ದರೆ ಎರಡು ಮೂಲೆ ಮಾತ್ರ ತಾಗಿ ಗೀರು ಹರಿದು ಹೋಗುತ್ತದೆ.

ತುದಿ ಕೂತಿದೆ, ಆದರೂ ಅಲ್ಲಾಡುವುದಿಲ್ಲ

ಈಗ ತುಕ್ಕಿಗೆ ಬಂದೆವು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಮಳೆ. ಕುಂಬಳೆ, ಮಂಜೇಶ್ವರದ ಕಡೆಯಾದರೆ ಕಡಲಿನ ಉಪ್ಪುಗಾಳಿಯೂ ಸೇರುತ್ತದೆ. ಒಳನಾಡಿನ ತೋಟಗಳಲ್ಲಿ ಉಪ್ಪಿನ ಬದಲು ಮೈಲುತುತ್ತು. ಚೂರಿಯ ಮೇಲೆ ತಾಮ್ರ ಕೂರುವಾಗ ಅಷ್ಟೇ ಕಬ್ಬಿಣ ಕರಗಿ ಹೋಗುತ್ತದೆ. ಮದ್ದು ಸಿಡಿದ ಸ್ಕ್ರೂಗೂ ಅದೇ ಗತಿ. ಇನ್ನು ಕಾರ್ಬುರೇಟರಿನ ಮೈ ಅಲ್ಯೂಮಿನಿಯಂ ಬಗೆಯದ್ದು, ಸ್ಕ್ರೂ ಉಕ್ಕಿನದ್ದು. ಎರಡು ಲೋಹದ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ, ಸ್ಕ್ರೂವನ್ನು ಹಿಸುಕಿ ಹಿಡಿಯುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕಿದರೆ ಈ ಕಾಟ ಹೋಗುತ್ತದೆ ಅಂದುಕೊಳ್ಳಬೇಡಿ. ಸ್ಕ್ರೂ ಹೊಳೆಯುತ್ತಿರುತ್ತದೆ, ಅಲ್ಯೂಮಿನಿಯಂ ಇನ್ನೂ ಬೇಗ ಹಾಳಾಗುತ್ತದೆ. ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಸವರುವುದೇ ದಾರಿ.

ಕಚ್ಚಿಕೊಂಡದ್ದನ್ನು ಬಿಡಿಸಲು ಮೊದಲು ತಲೆಯ ಗುಳಿಯ ಕೆಸರನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಇದನ್ನು ಮಾಡುವವರೇ ಕಡಿಮೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಹನಿಸಿ ಬಿಡಿ. ಅವಸರ ಇಲ್ಲದಿದ್ದರೆ ಒಂದು ರಾತ್ರಿ. ತೆಂಗಿನೆಣ್ಣೆ ಮಾತ್ರ ಬೇಡ. ಮನೆಯಲ್ಲಿ ಕೈಗೆ ಸಿಗುತ್ತದೆ ಅಂತ ಅದನ್ನೇ ಹಾಕುತ್ತಾರೆ, ದಿನ ಕಳೆದ ಹಾಗೆ ಅಂಟಾಗಿ ಕೂತು ಕೆಲಸ ಕೆಡಿಸುತ್ತದೆ.

ಎಣ್ಣೆ ಇಳಿದ ಮೇಲೆ ಸ್ಕ್ರೂಡ್ರೈವರನ್ನು ಗುಳಿಯಲ್ಲಿ ಇಟ್ಟು ಹಿಡಿಯ ಮೇಲೆ ಸುತ್ತಿಗೆಯಿಂದ ಎರಡು ಹದವಾದ ಏಟು. ಸರಳು ಹಿಡಿಯನ್ನು ಹಾದು ತಲೆಯವರೆಗೆ ಬಂದಿರುವ ಬಗೆಯದ್ದಾದರೆ ಮಾತ್ರ. ಪ್ಲಾಸ್ಟಿಕ್ ಹಿಡಿಗೆ ಹೊಡೆದರೆ ಸೀಳುತ್ತದೆ. ಬಿಚ್ಚುವ ಮೊದಲು ಒಂದು ಚೂರು ಬಿಗಿಯುವ ಕಡೆಗೆ ತಿರುಗಿಸಿ ನೋಡಿ. ತುಕ್ಕಿನ ಬೆಸುಗೆ ಎಷ್ಟೋ ಸಲ ಆ ಕಡೆಗೇ ಮೊದಲು ಒಡೆಯುತ್ತದೆ. ಸರಳು ಚೌಕವಾಗಿದ್ದರೆ ಅಥವಾ ಹಿಡಿಯ ಕೆಳಗೆ ಆರು ಮೂಲೆಯ ಕಟ್ಟು ಇದ್ದರೆ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ಉದ್ದದ ಸ್ಕ್ರೂಡ್ರೈವರಿಗೆ ಬಲ ಜಾಸ್ತಿ ಅಂತ ಹೇಳುವವರಿದ್ದಾರೆ, ತಪ್ಪು. ತಿರುಗಿಸುವ ಬಲ ಬರುವುದು ಹಿಡಿಯ ದಪ್ಪದಿಂದ. ಉದ್ದದ್ದು ಓರೆಯಾಗದೆ ನೆಟ್ಟಗೆ ನಿಲ್ಲುತ್ತದೆ, ಅದರ ಉಪಕಾರ ಅಷ್ಟೇ.

ಇದಕ್ಕೂ ಬಗ್ಗದಿದ್ದರೆ ಇಂಪ್ಯಾಕ್ಟ್ ಡ್ರೈವರ್. ಬೈಕ್ ರಿಪೇರಿಯವರ ಹತ್ತಿರ ಇರುತ್ತದೆ, ದಪ್ಪ ಕಬ್ಬಿಣದ ಕೊಳವೆಯಂಥದ್ದು. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ತುದಿ ಗುಳಿಗೆ ಒತ್ತಿಕೊಳ್ಳುವುದೂ ಸ್ವಲ್ಪ ತಿರುಗುವುದೂ ಒಟ್ಟಿಗೆ ಆಗುತ್ತದೆ. ಜಾರುವುದಕ್ಕೆ ಸಮಯವೇ ಸಿಗುವುದಿಲ್ಲ. ಹೊಡೆಯುವ ಮೊದಲು ಅದು ಬಿಚ್ಚುವ ದಿಕ್ಕಿಗೆ ಇದೆಯಾ ನೋಡಿಕೊಳ್ಳಿ. ಒಮ್ಮೆ ನಾನೇ ನೋಡದೆ ಹೊಡೆದು ಮತ್ತಷ್ಟು ಬಿಗಿ ಮಾಡಿದ್ದೆ. ತೆಳ್ಳಗಿನ ಎರಕದ ಭಾಗಗಳಿಗೆ ಇದು ಬೇಡ, ಸೀಳು ಬರುತ್ತದೆ.

ಬಿಸಿ ಮಾಡುವ ದಾರಿಯೂ ಇದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯನ್ನು ತಲೆಯ ಮೇಲೆ ಒಂದೆರಡು ನಿಮಿಷ ಇಟ್ಟರೆ ಥ್ರೆಡ್ಡಿಗೆ ಹಾಕಿದ ಅಂಟು ಮೆತ್ತಗಾಗುತ್ತದೆ. ಪೆಟ್ರೋಲ್ ಇರುವ ಕಡೆ ಬಿಸಿಯೂ ಬೇಡ, ಬೆಂಕಿಯೂ ಬೇಡ.

ದಿಕ್ಕು ತಪ್ಪಿರುವ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬೆಂಡೋಲೆಯ ತಿರುಪಿನಿಂದ ಬಾಗಿಲ ಬಿಜಾಗರಿಯವರೆಗೆ ಎಲ್ಲವೂ ಬಲಕ್ಕೆ ಬಿಗಿ, ಎಡಕ್ಕೆ ಸಡಿಲ. ಆದರೆ ಟೇಬಲ್ ಫ್ಯಾನಿನ ರೆಕ್ಕೆ ಹಿಡಿದಿರುವ ಟೊಪ್ಪಿ ಸಾಮಾನ್ಯವಾಗಿ ಉಲ್ಟಾ. ಸೈಕಲಿನ ಎಡ ಪೆಡಲೂ ಉಲ್ಟಾ. ತಿರುಗುವ ವಸ್ತು ತಿರುಗುತ್ತಲೇ ಸಡಿಲಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ಅಂಥ ಕಡೆ ಅಲ್ಲಾಡದಿದ್ದರೆ ಮೊದಲು ದಿಕ್ಕು ಯೋಚಿಸಿ.

ಸುತ್ತುತ್ತಲೇ ಇದೆ, ಹೊರಗೆ ಬರುವುದಿಲ್ಲ

ಥ್ರೆಡ್ ಹೋಗಿದೆ. ಚಪ್ಪಟೆ ತುದಿಯನ್ನು ತಲೆಯ ಅಡಿಗೆ ತೂರಿ ಮೆಲ್ಲ ಮೇಲಕ್ಕೆ ಎತ್ತುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸಿದರೆ ಬರುತ್ತದೆ. ಮರದಲ್ಲಾದರೆ ತೂತಿಗೆ ಅಡಿಕೆ ಸಲಾಕೆಯ ತೆಳ್ಳಗಿನ ಸೀಳನ್ನು ಫೆವಿಕಾಲ್ ಹಚ್ಚಿ ತುಂಬಿಸಿ, ಒಣಗಿದ ಮೇಲೆ ಅದೇ ಸ್ಕ್ರೂ ಹಾಕಿ. ಬೆಂಕಿಕಡ್ಡಿಯೂ ಆಗುತ್ತದೆ, ಆದರೆ ಸಲಾಕೆಯ ಗಟ್ಟಿತನ ಅದಕ್ಕಿಲ್ಲ. ಲೋಹದಲ್ಲಾದರೆ ಲೇತಿನವರ ಹತ್ತಿರ ಒಂದು ಅಳತೆ ದೊಡ್ಡ ಥ್ರೆಡ್ ಹಾಕಿಸಬೇಕು.

ತಲೆ ಆಗಲೇ ಬೋಳಾಗಿದ್ದರೆ

ಸೈಕಲ್ ಟ್ಯೂಬಿನ ಸಣ್ಣ ತುಂಡನ್ನು ಗುಳಿಯ ಮೇಲಿಟ್ಟು ಒತ್ತಿ ತಿರುಗಿಸುವ ಉಪಾಯ ಎಲ್ಲರಿಗೂ ಗೊತ್ತು. ಸಣ್ಣ, ಸಡಿಲ ಸ್ಕ್ರೂಗಳಿಗೆ ಅದು ಸರಿ. ನನ್ನ ಒಲವು ವಾಲ್ವ್ ಉಜ್ಜುವ ಪೇಸ್ಟಿನ ಕಡೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಸಾಸಿವೆಯಷ್ಟು ತುದಿಗೆ ಸವರಿದರೆ ಅದರಲ್ಲಿನ ಹರಳುಗಳು ಎರಡು ಲೋಹದ ನಡುವೆ ಕಚ್ಚಿ ಹಿಡಿಯುತ್ತವೆ. ಇಲ್ಲದಿದ್ದರೆ ಅಡುಗೆಮನೆಯ ಪಾತ್ರೆ ಉಜ್ಜುವ ಪುಡಿ ಹಾಕಿ ನೋಡಿ, ಅರ್ಧ ಕೆಲಸ ಅದೂ ಮಾಡುತ್ತದೆ. ಅದೂ ಆಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಗೆ ಅಡ್ಡ ಗೀರು ಹಾಕಿ ಚಪ್ಪಟೆ ತುದಿಯಿಂದ ತಿರುಗಿಸಿ. ಕೊನೆಗೆ ಡ್ರಿಲ್ಲಿನಿಂದ ತಲೆ ಹಾರಿಸುವುದು. ತಲೆ ಹೋದ ಮೇಲೆ ಉಳಿದ ಕಡ್ಡಿಯನ್ನು ಇಕ್ಕುಳದಿಂದ ಹಿಡಿದು ತಿರುಗಿಸಿದರೆ ಎಷ್ಟೋ ಸಲ ಬೆರಳಲ್ಲೇ ಬರುತ್ತದೆ. ಅದನ್ನು ಬಿಗಿ ಹಿಡಿದಿದ್ದದ್ದು ತಲೆಯೇ.

ಹಾಗೆ ತೆಗೆದ ಸ್ಕ್ರೂವನ್ನು ಮತ್ತೆ ಹಾಕಬೇಡಿ. ಬಿಸಾಡಿ. ಇದನ್ನು ಎಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ.

ಪಂಪ್ ಶೆಡ್ಡಿನ ಟೆಸ್ಟರ್

ಟೆಸ್ಟರನ್ನು ಸ್ಕ್ರೂಡ್ರೈವರ್ ಆಗಿ ಬಳಸುವುದು ನಮ್ಮ ಊರಿನ ದೊಡ್ಡ ಚಾಳಿ. ಅದರ ಸರಳು ತೆಳ್ಳಗೆ, ಹಿಡಿಯೊಳಗೆ ನಿಯಾನ್ ಬಲ್ಬು ಮತ್ತು ಒಂದು ರೆಸಿಸ್ಟರ್. ಕರೆಂಟು ನಿಮ್ಮ ಮೈ ಮೂಲಕ ಅಪಾಯ ಇಲ್ಲದಷ್ಟೇ ಹರಿಯುವ ಹಾಗೆ ತಡೆಯುವುದು ಆ ರೆಸಿಸ್ಟರ್. ಬಲ ಹಾಕಿ ತಿರುಗಿಸಿ ಹಿಡಿ ಬಿರುಕು ಬಿಟ್ಟು ಮಳೆನೀರು ಒಳಗೆ ಹೋದರೆ, ಆ ನೀರಿನ ಮೂಲಕ ಕರೆಂಟು ರೆಸಿಸ್ಟರನ್ನು ದಾಟಿ ಬಂದುಬಿಡಬಹುದು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಾಗ ಅದು ಆಟದ ಮಾತಲ್ಲ.

ಸ್ಟಾರ್ಟರ್ ಬಾಕ್ಸಿನಲ್ಲಿ ವಯರು ಹಿಡಿದಿರುವ ಸ್ಕ್ರೂ ಸಡಿಲಾದರೆ ಅಲ್ಲಿ ಬಿಸಿ ಏರುತ್ತದೆ, ವಯರಿನ ತುದಿ ಕಪ್ಪಾಗುತ್ತದೆ, ಕೊನೆಗೆ ಪಂಪು ನಿಲ್ಲುತ್ತದೆ. ಮೋಟರ್ ಸುಟ್ಟಿತು ಅಂತ ಗಾಬರಿಯಾಗುವ ಮೊದಲು ಆ ಸ್ಕ್ರೂಗಳನ್ನು ನೋಡಬೇಕು. ಮೇನ್ ಸ್ವಿಚ್ ಆಫ್ ಮಾಡಿ. ಟೆಸ್ಟರನ್ನು ಮೊದಲು ಕರೆಂಟು ಇರುವ ಜಾಗದಲ್ಲಿ ಇಟ್ಟು ಉರಿಯುತ್ತದಾ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಕರೆಂಟು ಇರುವ ಜಾಗದಲ್ಲಿ. ಬಿಸಿಲಿನಲ್ಲಿ ಬಲ್ಬಿನ ಬೆಳಕು ಕಾಣುವುದಿಲ್ಲ, ಕೈ ಅಡ್ಡ ಹಿಡಿಯಿರಿ. ಬಿಗಿಯಲು ಬೇರೆ ಸ್ಕ್ರೂಡ್ರೈವರ್ ಬೇಕು, ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಅಂತ ಬರೆದಿರುವಂಥದ್ದು. ಸರಳಿಗೆ ಸುಮ್ನೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದ್ದೆಲ್ಲ ಆ ಜಾತಿ ಅಲ್ಲ.

ಹೊಸತು ತರುವಾಗ

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ನಾಲ್ಕು ಸ್ಕ್ರೂ ಹಾಕಿಕೊಳ್ಳಿ. ಅಲ್ಲಾಡಿಸುವ ಪರೀಕ್ಷೆಯನ್ನು ಕೌಂಟರಿನಲ್ಲೇ ಮಾಡಿ. ಅಂಗಡಿಯವರು ನಗುತ್ತಾರೆ, ನಗಲಿ. ಇಪ್ಪತ್ತು ತುಂಡಿನ ಬಣ್ಣದ ಸೆಟ್ಟಿಗಿಂತ ಪಿಎಚ್1, ಪಿಎಚ್2, 5.5 ಮತ್ತು 8 ಮಿ.ಮೀ. ಚಪ್ಪಟೆ, ಇಷ್ಟು ಒಳ್ಳೆಯದು ತಂದರೆ ಮನೆಗೆ ಸಾಕು. ಪಿಎಚ್2 ಮಾತ್ರ ಎರಡು ತನ್ನಿ, ಸವೆಯುವುದು ಅದೇ. ಕ್ರೋಮ್ ವನೇಡಿಯಂ ಉಕ್ಕು ಕೈಕೆಲಸಕ್ಕೆ ಚೆನ್ನಾಗಿ ಬಾಳುತ್ತದೆ. ಡ್ರಿಲ್ಲಿಗೆ ಹಾಕುವ ಬಿಟ್ಟಾದರೆ ಎಸ್2 ಅಂತ ಬರೆದದ್ದು ತಗೊಳ್ಳಿ. ತುದಿಯ ಅಂಚು ಚೂಪಾಗಿ ಕಾಣಬೇಕು. ಅಂಚನ್ನೇ ಮುಚ್ಚುವಷ್ಟು ದಪ್ಪ ಹೊಳಪಿನ ಲೇಪ ಇದ್ದರೆ ಬಿಟ್ಟುಬಿಡಿ.

ಚಪ್ಪಟೆಯದ್ದು ಸವೆದರೆ ಅರದಿಂದ ಉಜ್ಜಿ ನೇರ ಮಾಡಬಹುದು. ಗ್ರೈಂಡರಿಗೆ ಹಿಡಿದರೆ ಪದೇ ಪದೇ ನೀರಿಗೆ ಅದ್ದಿ. ತುದಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು, ಇನ್ನು ಅದು ಮೇಣದ ಹಾಗೆ ಬಾಗುತ್ತದೆ. ಫಿಲಿಪ್ಸ್ ತುದಿಯ ಸವೆದ ಅಂಚನ್ನು ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ.

ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಗೋಣಿ ಹಾಸಬೇಡಿ, ತೇವ ಹಿಡಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಮುಟ್ಟಿಸಿದ ಬಟ್ಟೆಯಲ್ಲಿ ಒಮ್ಮೆ ಒರೆಸಿಟ್ಟರೆ ಸಾಕು. ತಿಂಗಳುಗಟ್ಟಲೆ ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗ ವಾಂತಿಯಂಥ ವಾಸನೆ ಬಂದು, ಹಳೇ ಪಾರದರ್ಶಕ ಹಿಡಿಯ ಮೇಲೆ ಬಿಳಿ ಪುಡಿ ಕಂಡರೆ ಇಲಿ ಸತ್ತಿದೆ ಅಂತ ಹುಡುಕಬೇಡಿ. ಕೆಲವು ಬಗೆಯ ಪ್ಲಾಸ್ಟಿಕ್ ಹಳತಾದಾಗ ಬ್ಯುಟಿರಿಕ್ ಆಮ್ಲ ಬಿಡುತ್ತದೆ, ಬೆಣ್ಣೆ ಕಮಟಾದಾಗ ಬರುವ ಅದೇ ವಾಸನೆ. ಸೋಪಿನ ನೀರಲ್ಲಿ ತೊಳೆದು ಗಾಳಿಗೆ ಇಟ್ಟರೆ ಹೋಗುತ್ತದೆ.

ಅಂದು ಬೌಲಿನಲ್ಲಿ ಎರಡು ಚಮಚದಷ್ಟು ನೀರಿತ್ತು. ನಾಲ್ಕು ಸ್ಕ್ರೂನಲ್ಲಿ ಮೂರು ಮೊಂಡು ಮಾಡಿದ ಪಿಎಚ್2ಗೆ ಬಂದವು. ಅಳಿಯ ಗುದ್ದಾಡಿದ ನಾಲ್ಕನೆಯದಕ್ಕೆ ಪೇಸ್ಟ್ ಬೇಕಾಯಿತು. ಮೂರು ಗಂಟೆಗೆ ಮತ್ತೆ ಮಳೆ ಹಿಡಿಯುವಾಗ ಮೇಲಿನ ತೋಟ ಮುಗಿದಿತ್ತು, ಕೆಳಗಿನದ್ದು ಉಳಿಯಿತು. ಕೆಂಪು ಮೂತಿಯ ಆ ಸ್ಕ್ರೂಡ್ರೈವರಿಗೆ ಕೆಂಪು ಟೇಪು ಸುತ್ತಿ ಶೆಡ್ಡಿನ ಗೋಡೆಗೆ ನೇತು ಹಾಕಿದ್ದೇನೆ. ಪೈಂಟ್ ಡಬ್ಬ ತೆರೆಯಲು, ಸುಣ್ಣ ಕಲಕಲು, ತೆಂಗಿನಕಾಯಿಗೆ ತೂತು ಹೊಡೆಯಲು ಯಾರು ಬೇಕಾದರೂ ಅದನ್ನು ಒಯ್ಯಬಹುದು. ಉಳಿದವು ಪೆಟ್ಟಿಗೆಯಲ್ಲಿವೆ. ಬೀಗದ ಕೈ ನನ್ನ ಹತ್ತಿರ.